ಲಿಬರ್ಟೇರಿಯನ್ ವಾದ: ಕಾಲುವೆ ದಂಡೆಯ ಮೇಲೆ ಕೂತು ಓದಿದಾಗ

ಲಿಬರ್ಟೇರಿಯನ್ ವಾದಕ್ಕೆ ವ್ಯಕ್ತಿಯ ಸ್ವಾತಂತ್ರ್ಯ, ಆಸ್ತಿಯ ಹಕ್ಕೇ ಮೊದಲು. ಹಾಗೆಂದು ಲಿಬರ್ಟೇರಿಯನ್ನರು ಅಂದರೆ ಸರ್ಕಾರವೇ ಬೇಡ ಅನ್ನುವವರು ಎಂದು ಉತ್ತರಪತ್ರಿಕೆಯಲ್ಲಿ ಬರೆಯಬೇಡಿ. ಅಮೆರಿಕದ ಅರ್ಥಶಾಸ್ತ್ರಜ್ಞ ಮರ್ರೆ ರಾಥ್‌ಬಾರ್ಡ್‌ರಂಥ ಕೆಲವರು ಅಷ್ಟು ದೂರ ಹೋಗುತ್ತಾರೆ, ನಿಜ. ಆದರೆ 1974ರಲ್ಲಿ ಅಮೆರಿಕದ ತತ್ವಜ್ಞಾನಿ ರಾಬರ್ಟ್ ನೋಜಿಕ್ ಹೇಳಿದ್ದು ಬೇರೆ. ಸರ್ಕಾರ ಇರಲಿ, ರಾತ್ರಿ ಕಾವಲುಗಾರನಷ್ಟೇ ಇರಲಿ. ಹಲ್ಲೆ, ಕಳ್ಳತನ, ಮೋಸ ತಡೆಯಲಿ, ಕರಾರು ಮುರಿಯದಂತೆ ನೋಡಿಕೊಳ್ಳಲಿ. ಅದಕ್ಕಿಂತ ಜಾಸ್ತಿ ಮಾಡಿದರೆ ಜನರ ಹಕ್ಕಿಗೆ ಕೈ ಹಾಕಿದಂತೆ.

ಕಾವಲುಗಾರ ಅಂದಾಗ ನನಗೆ ರಾಯಚೂರು ಜಿಲ್ಲೆಯ ಸಿರವಾರದ ಕಡೆ ಇರುವ ನಮ್ಮ ಮಾವ ನೆನಪಾಗುತ್ತಾರೆ. ತುಂಗಭದ್ರಾ ಎಡದಂಡೆ ಕಾಲುವೆಯ ಕೊನೆಭಾಗದಲ್ಲಿ ಅವರ ಹೊಲ. ನೀರು ಬಿಟ್ಟ ದಿನಗಳಲ್ಲಿ ಬ್ಯಾಟರಿ ಹಿಡಿದು, ಕಂಬಳಿ ಹೊದ್ದು, ತೂಬಿನ ಹತ್ತಿರ ಬೆಳಗಿನವರೆಗೆ ಕೂರುತ್ತಿದ್ದರು. ನಾನೂ ಎರಡು ರಾತ್ರಿ ಜೊತೆಗಿದ್ದೆ.

ಈ ಕಾಲುವೆಯ ಕಥೆ ನಮ್ಮ ವಿಷಯಕ್ಕೆ ತುಂಬಾ ಹತ್ತಿರದ್ದು. ನೀರು ಹೆಚ್ಚು ಜನರಿಗೆ ಸಿಗಲಿ ಎಂದು ಸರ್ಕಾರ ಬಹಳಷ್ಟು ಜಮೀನಿಗೆ ಜೋಳ, ಹತ್ತಿಯಂಥ ಅರೆ ನೀರಾವರಿ ಬೆಳೆ ಗೊತ್ತು ಮಾಡಿತ್ತು. ಮೇಲ್ಭಾಗದ ರೈತರು ಹಚ್ಚಿದ್ದು ಭತ್ತ. ಕೊನೆಭಾಗಕ್ಕೆ ನೀರು ಮುಟ್ಟುವುದೇ ಕಷ್ಟವಾಯಿತು.

ಅರ್ಥಶಾಸ್ತ್ರಜ್ಞ ಹಾಯೆಕ್ 1945ರಲ್ಲಿ ಬರೆದ ಮಾತು ಇಲ್ಲಿ ಹೊಂದುತ್ತದೆ. ಯಾವ ಹೊಲಕ್ಕೆ ಏನು ಸರಿ ಅನ್ನುವ ತಿಳಿವಳಿಕೆ ಸಾವಿರಾರು ಜನರಲ್ಲಿ ಚದುರಿರುತ್ತದೆ. ಒಂದು ಕಚೇರಿಗೆ ಅದೆಲ್ಲ ಸಿಗುವುದಿಲ್ಲ, ಅದನ್ನು ಜನರಿಗೆ ಮುಟ್ಟಿಸುವುದು ಮಾರುಕಟ್ಟೆಯ ಬೆಲೆ. ಕಾಗದದ ಮೇಲಿನ ಬೆಳೆ ಪಟ್ಟಿ ಸೋತದ್ದು ಅದಕ್ಕೇ ಎಂದು ಅವರ ಕಡೆಯವರು ಹೇಳಬಹುದು. ಎದುರಿನವರು ಬಿಡುತ್ತಾರಾ? ಪ್ರತಿಯೊಬ್ಬನೂ ತನ್ನ ಲಾಭ ನೋಡಿದ್ದಕ್ಕೇ ಕೊನೆಯವನ ಹೊಲ ಒಣಗಿತು ಅನ್ನುತ್ತಾರೆ. ನನಗೆ ಎರಡೂ ಅರ್ಧ ಸತ್ಯ ಅನಿಸುತ್ತದೆ. ಭತ್ತಕ್ಕೆ ಬೆಂಬಲ ಬೆಲೆ ಕಟ್ಟುವುದು ಸರ್ಕಾರವೇ. ನೀರಿನ ಕರ ಬೆಳೆ, ಎಕರೆ ನೋಡಿ ಹಾಕುತ್ತಾರೆ, ಅಳೆದು ಅಲ್ಲ. ಅಂದಮೇಲೆ ನೀರಿನ ಅಭಾವವನ್ನು ಬೆಲೆ ಹೇಗೆ ಹೇಳೀತು?

ಇಲ್ಲಿ 17ನೇ ಶತಮಾನದ ಇಂಗ್ಲೆಂಡಿನ ತತ್ವಜ್ಞಾನಿ ಜಾನ್ ಲಾಕ್ ಬೇಕಾಗುತ್ತಾರೆ. ಪ್ರಕೃತಿಯಲ್ಲಿರುವುದನ್ನು ದುಡಿದು ತನ್ನದು ಮಾಡಿಕೊಳ್ಳಬಹುದು, ಆದರೆ ಉಳಿದವರಿಗೂ ಸಾಕಷ್ಟು, ಅಷ್ಟೇ ಚೆನ್ನಾಗಿರುವುದು ಮಿಗಬೇಕು. ನೋಜಿಕ್ ಈ ಷರತ್ತನ್ನು ಸಡಿಲ ಮಾಡಿದರೂ ಕೈಬಿಡಲಿಲ್ಲ. ಸುಮ್ನೆ ಓದಿ ದಾಟಬೇಡಿ, ಇಡೀ ವಾದದ ಗಟ್ಟಿತನ ಇದರ ಮೇಲೆ ನಿಂತಿದೆ.

ಭಾರತದ ಉದಾಹರಣೆ ಕೇಳಿದರೆ 1959ರ ಸ್ವತಂತ್ರ ಪಕ್ಷ ಬರೆಯಿರಿ. ಉದ್ಯಮ ನಡೆಸಲು ಸರ್ಕಾರದ ಅನುಮತಿ ಬೇಕಿದ್ದ ಲೈಸೆನ್ಸ್-ಪರ್ಮಿಟ್ ರಾಜ್ ವಿರುದ್ಧ ರಾಜಾಜಿ (ಸಿ. ರಾಜಗೋಪಾಲಾಚಾರಿ) ಕಟ್ಟಿದ್ದು. ಪೂರ್ತಿ ಲಿಬರ್ಟೇರಿಯನ್ ಅಲ್ಲ, ಹತ್ತಿರದ್ದು.

ಇನ್ನು ನನಗೆ ಬಿಡಿಸಲಾಗದ ಪ್ರಶ್ನೆ. ಕಾವಲು ಕಾಯುವ ಮೊದಲು ಯಾರ ಪಾಲು ಎಷ್ಟು ಎಂದು ಗೊತ್ತಾಗಬೇಕು ಅಲ್ವಾ? ಆ ರಾತ್ರಿ ಮಾವ ಕಾಯುತ್ತಿದ್ದ ನೀರು ಅವರದೇ ಎಂದು ಮೇಲಿನ ರೈತ ಒಪ್ಪಿರಲಿಲ್ಲ.