ಗೇಜಿನ ಮುಳ್ಳು ಇಳಿದರೆ ಸಿಲಿಂಡರ್ ಸೋರುತ್ತಿದೆ ಅಂತಲಾ?

ಪ್ರಶ್ನೆ: ಮನೆಯಲ್ಲೇ ಪುನರ್ಪುಳಿ ಸೋಡಾ ಮಾಡಲು 5 ಕೆಜಿ ಕಾರ್ಬನ್ ಡೈಆಕ್ಸೈಡ್ ಸಿಲಿಂಡರ್, ರೆಗ್ಯುಲೇಟರ್ ಮತ್ತು ಸ್ಟೀಲ್ ಕೆಗ್ (ಒತ್ತಡ ತಡೆಯುವ ಪಾನೀಯದ ಡಬ್ಬ) ತಂದಿದ್ದೇವೆ. ಮಧ್ಯಾಹ್ನ ಮೇಲಿದ್ದ ಗೇಜಿನ ಮುಳ್ಳು ಬೆಳಿಗ್ಗೆ ನೋಡಿದರೆ ಕೆಳಗೆ ಬಂದಿರುತ್ತದೆ. ಗ್ಯಾಸ್ ಸೋರುತ್ತಿದೆಯಾ? ಸಿಲಿಂಡರ್ ಸ್ಟೋರ್ ರೂಮಿನಲ್ಲಿದೆ. – ಮಂಗಳೂರಿನ ಓದುಗರು

ಉತ್ತರ: ಹೆಚ್ಚಾಗಿ ಇದು ಸೆಕೆಯ ಆಟ. ಸಿಲಿಂಡರಿನೊಳಗೆ ಈ ಗ್ಯಾಸ್ ಬಹುಪಾಲು ದ್ರವವಾಗಿರುತ್ತದೆ. ದ್ರವ ಉಳಿದಿರುವವರೆಗೆ ಒತ್ತಡ ಎಷ್ಟಿರಬೇಕು ಅನ್ನುವುದು ಬಿಸಿಯ ಮೇಲೆ ನಿಂತಿರುತ್ತದೆ, ಗ್ಯಾಸ್ ಎಷ್ಟಿದೆ ಅನ್ನುವುದರ ಮೇಲಲ್ಲ. 20 ಡಿಗ್ರಿಯಲ್ಲಿ ಸುಮಾರು 57 ಬಾರ್ ಇದ್ದದ್ದು 30 ಡಿಗ್ರಿಗೆ 72 ಬಾರ್ ಆಗುತ್ತದೆ. ತುಂಬಿದ ಸಿಲಿಂಡರ್ ಇನ್ನೂ ಬಿಸಿಯಾದರೆ ಒತ್ತಡ ಸರ್ರನೆ ಏರುತ್ತದೆ. ನಮ್ಮೂರಿನ ಏಪ್ರಿಲ್ ಗೊತ್ತಲ್ವಾ? ಬಿಸಿಲು ಬೀಳುವ ಬಾಲ್ಕನಿ, ಒಲೆಯ ಪಕ್ಕ ಎರಡೂ ಬೇಡ.

ಗ್ಯಾಸ್ ಎಷ್ಟು ಉಳಿದಿದೆ ಅಂತ ತಿಳಿಯಲು ತೂಕ ಮಾಡಿ. ಖಾಲಿ ಸಿಲಿಂಡರಿನ ತೂಕವನ್ನು ಅದರ ಕುತ್ತಿಗೆಯ ಹತ್ತಿರ ಕೊರೆದಿರುತ್ತಾರೆ. ಅದನ್ನು ಕಳೆದರೆ ಲೆಕ್ಕ ಸಿಕ್ಕಿತು. ಅಲ್ಲೇ ಕೊನೆಯ ಹೈಡ್ರೋ ಟೆಸ್ಟಿನ (ನೀರು ತುಂಬಿ ಸಿಲಿಂಡರ್ ಒತ್ತಡ ತಡೆಯುತ್ತದೆಯೇ ಅಂತ ನೋಡುವ ಪರೀಕ್ಷೆ) ತಿಂಗಳು, ವರ್ಷವೂ ಇರುತ್ತದೆ. 5 ವರ್ಷ ದಾಟಿದ್ದರೆ ತುಂಬಿಸಬೇಡಿ. ಕಡಲ ಗಾಳಿಗೆ ಸಿಲಿಂಡರಿನ ತಳ ಬೇಗ ತುಕ್ಕು ಹಿಡಿಯುತ್ತದೆ, ಎತ್ತಿ ನೋಡಿ.

ಹಾಗಂತ ಸೋರಿಕೆ ಇಲ್ಲವೇ ಇಲ್ಲ ಅಂದುಕೊಳ್ಳಬೇಡಿ. ಪರೀಕ್ಷೆ ಸುಲಭ. ಮೊದಲು ಕೆಗ್ಗಿಗೆ ಹೋಗುವ ಪೈಪಿನ ವಾಲ್ವ್ ಮುಚ್ಚಿ. ಇಲ್ಲದಿದ್ದರೆ ನೀರು ಗ್ಯಾಸ್ ಹೀರಿಕೊಂಡು ಮುಳ್ಳು ಇಳಿಯುತ್ತದೆ, ನೀವು ಸುಮ್ನೆ ಗಾಬರಿಯಾಗುತ್ತೀರಿ. ಆಮೇಲೆ ಸಿಲಿಂಡರಿನ ವಾಲ್ವ್ ಮುಚ್ಚಿ. ಒಂದೆರಡು ಗಂಟೆ ಬಿಟ್ಟು ನೋಡಿದಾಗ ಮುಳ್ಳು ಚೆನ್ನಾಗಿ ಕೆಳಗಿಳಿದಿದ್ದರೆ ಸೋರಿಕೆ ಇದೆ. ಸಿಲಿಂಡರಿನ ವಾಲ್ವ್ ಮತ್ತೆ ತೆರೆದು, ಪ್ರತಿ ಜಾಯಿಂಟಿಗೂ ಸೋಪಿನ ನೀರು ಹಚ್ಚಿ. ಗುಳ್ಳೆ ಸಣ್ಣದಾದರೂ ಉಬ್ಬುತ್ತಲೇ ಇದ್ದರೆ ಅದೇ ಜಾಗ. ಸಾಮಾನ್ಯವಾಗಿ ಸಿಲಿಂಡರ್ ಮತ್ತು ರೆಗ್ಯುಲೇಟರ್ ನಡುವಿನ ವಾಷರ್ ಹಳತಾಗಿರುತ್ತದೆ. ವಾಲ್ವ್ ಮುಚ್ಚಿ, ಒತ್ತಡ ಬಿಟ್ಟು, ಹೊಸ ವಾಷರ್ ಹಾಕಿ ಪಾನಾದಿಂದ ಬಿಗಿ ಮಾಡಿ. ಎಣ್ಣೆ, ಗ್ರೀಸ್ ಹಚ್ಚಬೇಡಿ.

ನನಗೆ ಚಿಂತೆ ಹುಟ್ಟಿಸಿದ್ದು ನಿಮ್ಮ ಸ್ಟೋರ್ ರೂಮ್. 5 ಕೆಜಿ ದ್ರವ ಪೂರ್ತಿ ಹೊರಬಂದರೆ ಸುಮಾರು 2,700 ಲೀಟರ್ ಗ್ಯಾಸ್ ಆಗುತ್ತದೆ. ಹತ್ತಡಿ ಉದ್ದ, ಹತ್ತಡಿ ಅಗಲ, ಹತ್ತಡಿ ಎತ್ತರದ ಮುಚ್ಚಿದ ಕೋಣೆಯಲ್ಲಿ ಅದು ಶೇ. 10ರ ಹತ್ತಿರ. ಶೇ. 4 ಇದ್ದರೇ ಜೀವಕ್ಕೆ ಅಪಾಯ, 10 ಆದರೆ ನಿಮಿಷಗಳಲ್ಲಿ ಪ್ರಜ್ಞೆ ಹೋಗುತ್ತದೆ. ಅಡುಗೆ ಗ್ಯಾಸ್ ಸೋರಿದರೆ ಮೂಗು ಎಚ್ಚರಿಸುತ್ತದೆ, ಇದಕ್ಕೆ ವಾಸನೆಯೇ ಇಲ್ಲ. ಗಾಳಿಗಿಂತ ಒಂದೂವರೆ ಪಟ್ಟು ಭಾರ, ನೆಲದ ಮಟ್ಟದಲ್ಲೇ ತುಂಬಿಕೊಳ್ಳುತ್ತದೆ. ಹಳೆಯ ಬಾವಿಗೆ ಇಳಿಯುವ ಮೊದಲು ದೀಪ ಇಳಿಸಿ ನೋಡುತ್ತಾರಲ್ಲ, ಅದೇ ಭಯ ಇಲ್ಲೂ ಇರಬೇಕು. ಮಕ್ಕಳು ಮಲಗುವ ಕೋಣೆಯಲ್ಲಂತೂ ಇಡಲೇಬೇಡಿ. ಗಾಳಿ ಆಡುವ, ನೆರಳಿರುವ ಜಾಗಕ್ಕೆ ಸಾಗಿಸಿ, ನೆಟ್ಟಗೆ ನಿಲ್ಲಿಸಿ, ಗೋಡೆಗೆ ಸರಪಳಿ ಕಟ್ಟಿ. ಅಡ್ಡ ಮಲಗಿಸಿದರೆ ದ್ರವವೇ ರೆಗ್ಯುಲೇಟರಿಗೆ ನುಗ್ಗಿ ಹಿಮಗಟ್ಟುತ್ತದೆ.

ಇನ್ನು ಗ್ಯಾಸ್ ಬಿಡುವ ಕ್ರಮ. ರೆಗ್ಯುಲೇಟರಿನ ಹಿಡಿಕೆಯನ್ನು ಸಡಿಲವಾಗುವವರೆಗೆ ಎಡಕ್ಕೆ ತಿರುಗಿಸಿ. ಗೇಜಿನ ಎದುರು ನಿಲ್ಲದೆ ಪಕ್ಕಕ್ಕೆ ನಿಂತು ಸಿಲಿಂಡರಿನ ವಾಲ್ವ್ ನಿಧಾನ ತೆರೆಯಿರಿ. ಆಮೇಲೆ ಹಿಡಿಕೆ ಬಲಕ್ಕೆ ತಿರುಗಿಸುತ್ತಾ ಒತ್ತಡ ಏರಿಸಿ. ಫ್ರಿಜ್ಜಿನಲ್ಲಿ ತಣ್ಣಗಾದ ನೀರಿಗೆ 30 ಪಿಎಸ್‌ಐ (ಸುಮಾರು 2 ಬಾರ್) ಒತ್ತಡ ಸಾಕು. ಸೋಡಾ ಬೇಗ ಆಗಲಿ ಅಂತ ಜಾಸ್ತಿ ಮಾಡಬೇಡಿ, ನೀರನ್ನು ಇನ್ನಷ್ಟು ತಣ್ಣಗೆ ಮಾಡಿ. ಅಡುಗೆ ಗ್ಯಾಸಿನ ರೆಗ್ಯುಲೇಟರ್ ಇದಕ್ಕೆ ಯಾವ ಕಾರಣಕ್ಕೂ ಆಗುವುದಿಲ್ಲ.

ಇದೇ ಸೆಟ್ಟಪ್ಪಿನಲ್ಲಿ ಬಿಯರ್ ಮಾಡಬಹುದಾ ಅಂತಲೂ ಹಲವರು ಕೇಳುತ್ತಾರೆ. ಕರ್ನಾಟಕದಲ್ಲಿ ಅದಕ್ಕೆ ಅಬಕಾರಿ ಲೈಸೆನ್ಸ್ ಬೇಕು.

ತುಂಬಿಸಲು ಕಾರಿನಲ್ಲಿ ಒಯ್ಯುವಾಗ ರೆಗ್ಯುಲೇಟರ್ ಬಿಚ್ಚಿ, ವಾಲ್ವಿಗೆ ಕ್ಯಾಪ್ ಹಾಕಿ, ಸಿಲಿಂಡರ್ ಉರುಳದಂತೆ ಕಟ್ಟಿ. ಎಸಿ ಬೇಡ, ಕಿಟಕಿ ತೆರೆದಿರಲಿ.