ಆ ಝೋನ್ ನಿಜಕ್ಕೂ ನಿಮ್ಮದೇನಾ?

ನಿಧಾನವಾಗಿ ಓಡಿದರೂ ವಾಚ್ ನಾಲ್ಕನೇ ಝೋನ್ ತೋರಿಸುತ್ತೆ ಅಂತ ತರಬೇತಿಗೆ ಬರುವವರು ಗಾಬರಿಯಾಗುವುದು ಮಾಮೂಲು. ಝೋನ್ ಅಂದರೆ ನಿಮಿಷದ ಎದೆಬಡಿತ ನೋಡಿ ವಾಚ್ ಹೇಳುವ ಶ್ರಮದ ಹಂತ; ಸಂಖ್ಯೆ ಏರಿದಷ್ಟೂ ಶ್ರಮ ಜಾಸ್ತಿ. ನಾನು ಮೊದಲು ಕೇಳುವುದು ಒಂದೇ: ಓಡುತ್ತಾ ಪೂರ್ತಿ ವಾಕ್ಯ ಮಾತಾಡೋಕೆ ಆಗ್ತಿತ್ತಾ? ಆಗ್ತಿತ್ತು ಅಂದರೆ ವಾಚಿನ ಲೆಕ್ಕವನ್ನೇ ಮೊದಲು ಅನುಮಾನಿಸಬೇಕು.

ಎಷ್ಟೋ ವಾಚುಗಳು 220ರಿಂದ ವಯಸ್ಸು ಕಳೆದು, ಉಳಿದದ್ದೇ ನಿಮ್ಮ ಗರಿಷ್ಠ ಎದೆಬಡಿತ ಅಂದುಕೊಳ್ಳುತ್ತವೆ. ಅದು ಸರಾಸರಿ ಅಷ್ಟೇ. ಒಂದೇ ವಯಸ್ಸಿನ ಇಬ್ಬರಲ್ಲಿ 20 ಬಡಿತದ ವ್ಯತ್ಯಾಸ ಇದ್ದರೂ ಆಶ್ಚರ್ಯವಿಲ್ಲ. 208ರಿಂದ ವಯಸ್ಸಿನ 0.7 ಪಟ್ಟು ಕಳೆಯುವ ಇನ್ನೊಂದು ಸೂತ್ರ, ವಯಸ್ಸಾದವರಿಗೆ ಸ್ವಲ್ಪ ವಾಸಿ. ಆದರೆ ಅದೂ ಅಂದಾಜೇ.

ಇನ್ನೊಂದು ಗೊಂದಲ ನೋಡಿ. ವಯಸ್ಸು 40, ಗರಿಷ್ಠ 180, ಸುಮ್ನೆ ಕೂತಾಗ 60 ಅಂತಿಟ್ಟುಕೊಳ್ಳಿ. ಎರಡನೇ ಝೋನ್ ಅಂದರೆ ಶೇ 60ರಿಂದ 70. ನೇರವಾಗಿ 180ರ ಮೇಲೆ ಲೆಕ್ಕ ಹಾಕಿದರೆ 108ರಿಂದ 126. ಕಾರ್ವೋನೆನ್ ವಿಧಾನದಲ್ಲಿ 180ರಿಂದ 60 ಕಳೆದು, ಉಳಿದ 120ರ ಮೇಲೆ ಶೇಕಡಾ ತೆಗೆದು, ಮತ್ತೆ 60 ಕೂಡಿಸಬೇಕು. ಆಗ 132ರಿಂದ 144. ಅದೇ ಮನುಷ್ಯ, ಅದೇ ಝೋನ್, ಎರಡೂ ಲೆಕ್ಕ ಒಂದಕ್ಕೊಂದು ತಾಗುವುದೂ ಇಲ್ಲ! ಹಾಗಾಗಿ ಗೆಳೆಯರ ಅಂಕಿ ನೋಡಿ ಓಡಬೇಡಿ, ನಿಮ್ಮ ವಾಚ್ ಯಾವ ಲೆಕ್ಕ ಹಿಡಿದಿದೆ ಅಂತ ಸೆಟ್ಟಿಂಗ್ಸ್‌ನಲ್ಲಿ ನೋಡಿ.

ಇಷ್ಟಾದರೂ ಝೋನ್ ಬೇಕು ಅನ್ನುವವನೇ ನಾನು. ಕಾರಣ, ಹಗುರ ಓಟದ ದಿನವೂ ಜಾಸ್ತಿ ಜೋರಾಗಿ ಓಡಿ, ಜೋರಾಗಿ ಓಡಬೇಕಾದ ದಿನ ಕಾಲೇ ಏಳದೆ ಒದ್ದಾಡುವವರೇ ಬಹಳ. ವಾರದ ಬಹುಪಾಲು ಓಟ ಆರಾಮಾಗಿ ಮಾತಾಡುವಷ್ಟು ಹಗುರವಾಗಿರಲಿ. ಬೋರಾಗುತ್ತೆ, ನಿಜ. ಮಾತು ಎರಡು ಮೂರು ಪದಕ್ಕೇ ತುಂಡಾಗುತ್ತಿದ್ದರೆ ವೇಗ ಇಳಿಸಿ, ಬೇಕಿದ್ದರೆ ನಡೆಯಿರಿ.

ಸೆಕೆ, ನಿದ್ದೆಗೆಟ್ಟಿದ್ದು, ನೀರು ಸಾಲದ್ದು, ಎಲ್ಲವೂ ಬಡಿತ ಏರಿಸುತ್ತವೆ. ದೀರ್ಘ ಓಟದಲ್ಲಿ ವೇಗ ಬದಲಾಗದಿದ್ದರೂ ಬಡಿತ ಮೆಲ್ಲಗೆ ಮೇಲೇರುತ್ತದೆ. ಮಣಿಕಟ್ಟಿನ ಸೆನ್ಸರ್ ಒಮ್ಮೊಮ್ಮೆ ಹೆಜ್ಜೆಯ ಲಯವನ್ನೇ ಎದೆಬಡಿತ ಅಂದುಕೊಂಡು 170 ತೋರಿಸುವುದೂ ಇದೆ. ಪಟ್ಟಿ ಸ್ವಲ್ಪ ಬಿಗಿ ಮಾಡಿ, ಇಲ್ಲವೇ ಎದೆಗೆ ಕಟ್ಟುವ ಪಟ್ಟಿ ಬಳಸಿ. 30 ಸೆಕೆಂಡಿನ ಜೋರು ಓಟಕ್ಕಂತೂ ಝೋನ್ ನೋಡಲೇಬೇಡಿ, ಬಡಿತ ಏರುವಷ್ಟರಲ್ಲಿ ಓಟವೇ ಮುಗಿದಿರುತ್ತದೆ.

ಬೀಟಾ ಬ್ಲಾಕರ್ ಮಾತ್ರೆ ತೆಗೆದುಕೊಳ್ಳುವವರಿಗೆ ಈ ಸೂತ್ರಗಳು ಹೊಂದುವುದಿಲ್ಲ, ಮಾತ್ರೆ ಬಡಿತವನ್ನು ತಗ್ಗಿಸಿಡುತ್ತದೆ. ಎಷ್ಟು ಜೋರು ಸಾಕು ಅಂತ ಅವರು ವೈದ್ಯರನ್ನೇ ಕೇಳಬೇಕು.