ಇಪ್ಪತ್ತೊಂದು ಸೋಲುಗಳ ಲೆಕ್ಕ

1988ರ ಏಪ್ರಿಲ್ 4ರಂದು ಅಮೆರಿಕದ ಬಾಲ್ಟಿಮೋರ್ ನಗರದ ಮೆಮೋರಿಯಲ್ ಕ್ರೀಡಾಂಗಣದಲ್ಲಿ ಊರಿನ ಬೇಸ್‌ಬಾಲ್ ತಂಡ ಓರಿಯೋಲ್ಸ್ ಆ ವರ್ಷದ ತನ್ನ ಮೊದಲ ಪಂದ್ಯವನ್ನು ಆಡಿತು. ಎದುರಾಳಿ ಮಿಲ್ವಾಕಿ ಬ್ರೂವರ್ಸ್ ತಂಡ 12 ರನ್ ಗಳಿಸಿತು. ಓರಿಯೋಲ್ಸ್‌ಗೆ ಒಂದೂ ಸಿಗಲಿಲ್ಲ. ಆ ಸೋಲಿನ ಹಿಂದೆಯೇ ಮತ್ತೊಂದು, ಅದರ ಹಿಂದೆ ಇನ್ನೊಂದು ಬಂದು, ಏಪ್ರಿಲ್ 29ರಂದು ಶಿಕಾಗೋದಲ್ಲಿ ವೈಟ್ ಸಾಕ್ಸ್ ತಂಡವನ್ನು 9–0 ಅಂತರದಿಂದ ಮಣಿಸುವ ಹೊತ್ತಿಗೆ ತಂಡ ಸತತ 21 ಪಂದ್ಯಗಳನ್ನು ಕಳೆದುಕೊಂಡಿತ್ತು. ಅದಕ್ಕೆ ಮೊದಲು ಯಾವ ತಂಡವೂ ಋತುವಿನ ಆರಂಭದಲ್ಲಿ 13ಕ್ಕಿಂತ ಹೆಚ್ಚು ಪಂದ್ಯಗಳನ್ನು ಒಂದೇ ಸಮನೆ ಸೋತಿರಲಿಲ್ಲ. ಆ 21 ಪಂದ್ಯಗಳಲ್ಲಿ ಓರಿಯೋಲ್ಸ್ ಗಳಿಸಿದ್ದು ಒಟ್ಟು 44 ರನ್, ಬಿಟ್ಟುಕೊಟ್ಟದ್ದು 129.

ಇದು ಹೆಸರಿಲ್ಲದವರ ತಂಡವಾಗಿರಲಿಲ್ಲ. ಐದು ವರ್ಷಗಳ ಹಿಂದೆ, 1983ರಲ್ಲಿ, ಇದೇ ತಂಡ ಅಲ್ಲಿನ ಅತ್ಯುನ್ನತ ಪ್ರಶಸ್ತಿಯಾದ ವರ್ಲ್ಡ್ ಸೀರೀಸ್ ಗೆದ್ದಿತ್ತು. ಮುಂದೆ ಬೇಸ್‌ಬಾಲ್‌ನ ಶ್ರೇಷ್ಠರ ಗೌರವಪಟ್ಟಿಯಾದ ಹಾಲ್ ಆಫ್ ಫೇಮ್ ಸೇರಿದ ಎಡ್ಡಿ ಮರ್ರೆ ಮತ್ತು ಕ್ಯಾಲ್ ರಿಪ್ಕೆನ್ ಜೂನಿಯರ್ ಇಬ್ಬರೂ 1988ರಲ್ಲಿ ಈ ತಂಡದ ಪರವಾಗಿಯೇ ಬ್ಯಾಟ್ ಹಿಡಿದಿದ್ದರು. ತಂಡ ಇಳಿಮುಖವಾಗಿದ್ದುದು ನಿಜ. ಹಿಂದಿನ ವರ್ಷ 67 ಪಂದ್ಯ ಗೆದ್ದು 95 ಸೋತಿತ್ತು. ಆದರೆ ದುರ್ಬಲ ತಂಡವೂ ಆಗಾಗ ಗೆಲ್ಲುತ್ತದೆ. ಇಂಥ ಆಟಗಾರರಿದ್ದ ತಂಡಕ್ಕೆ ಸುಮಾರು ನಾಲ್ಕು ವಾರ ರನ್ನುಗಳ ಬರ ಬಂದದ್ದು ಹೇಗೆ, ಆ ದಿನಗಳಲ್ಲಿ ಬಾಲ್ಟಿಮೋರಿನ ಜನ ಸೋಲುತ್ತಲೇ ಇದ್ದ ತಂಡದ ಕೈಯನ್ನು ಏಕೆ ಬಿಡಲಿಲ್ಲ ಎಂಬ ಪ್ರಶ್ನೆಗಳಿಗೆ ಗಣಿತವೂ ಮನೋವಿಜ್ಞಾನವೂ ಸಾಕಷ್ಟು ಉತ್ತರ ಕೊಡಬಲ್ಲವು. ಅದಕ್ಕಾಗಿ ಮೊದಲು ಈ ಆಟದಲ್ಲಿ ರನ್ ಹುಟ್ಟುವ ಬಗೆಯನ್ನು ಗಮನಿಸಬೇಕು.

ಕ್ರಿಕೆಟ್‌ನಲ್ಲಿ ಬ್ಯಾಟರ್ ಒಂದು ರನ್ ಓಡಿದರೆ ಅದು ಆ ಕ್ಷಣವೇ ಲೆಕ್ಕಕ್ಕೆ ಸೇರುತ್ತದೆ. ಮುಂದಿನ ಎಸೆತಕ್ಕೆ ಆತ ಔಟಾದರೂ ಆ ರನ್ ಉಳಿಯುತ್ತದೆ. ಬೇಸ್‌ಬಾಲ್‌ನಲ್ಲಿ ಹಾಗಿಲ್ಲ. ಚೆಂಡನ್ನು ಹೊಡೆದು ಮೊದಲ ಬೇಸ್ ತಲುಪಿದ ಆಟಗಾರ ಇನ್ನೂ ಏನನ್ನೂ ಗಳಿಸಿರುವುದಿಲ್ಲ. ಅವನು ಎರಡನೆಯ ಮತ್ತು ಮೂರನೆಯ ಬೇಸ್‌ಗಳನ್ನು ದಾಟಿ, ಹೊರಟ ಜಾಗಕ್ಕೇ ಮರಳಿದಾಗ ಮಾತ್ರ ಒಂದು ರನ್ ಆಗುತ್ತದೆ. ಅಷ್ಟರೊಳಗೆ ತಂಡದ ಮೂವರು ಔಟಾದರೆ ಆ ಸರದಿ ಮುಗಿಯುತ್ತದೆ, ಬೇಸ್‌ಗಳ ಮೇಲೆ ನಿಂತವರ ಶ್ರಮ ಅಲ್ಲಿಗೇ ಅಳಿಸಿಹೋಗುತ್ತದೆ. ಇಂಥ ಒಂಬತ್ತು ಸರದಿಗಳು ಸೇರಿದರೆ ಒಂದು ಪಂದ್ಯ. ಆದ್ದರಿಂದ ಇಲ್ಲಿ ಒಳ್ಳೆಯ ಹೊಡೆತಗಳಿದ್ದರೆ ಸಾಲದು, ಅವು ಒಂದರ ಹಿಂದೆ ಒಂದು ಬರಬೇಕು. ಒಂಬತ್ತು ಸರದಿಗಳಲ್ಲಿ ಒಂದೊಂದಾಗಿ ಚದುರಿದ ಒಂಬತ್ತು ಹೊಡೆತಗಳಿಂದ ತಂಡಕ್ಕೆ ಶೂನ್ಯ ಸಿಗಬಹುದು. ಅವೇ ಒಂಬತ್ತು ಎರಡು ಸರದಿಗಳಲ್ಲಿ ಗುಂಪಾಗಿ ಬಂದರೆ ಐದಾರು ರನ್ ಆಗಬಹುದು.

ಇದರ ಪರಿಣಾಮ ಎಷ್ಟೆಂದು ತಿಳಿಯಲು ಸರಳವಾದ ಒಂದು ಕಾಲ್ಪನಿಕ ತಂಡವನ್ನು ತೆಗೆದುಕೊಳ್ಳೋಣ. ಈ ತಂಡದವರು ಹೋಂ ರನ್, ಅಂದರೆ ಒಂದೇ ಹೊಡೆತಕ್ಕೆ ಎಲ್ಲ ಬೇಸ್‌ಗಳನ್ನೂ ಸುತ್ತಿ ಬರುವ ಹೊಡೆತ, ಹೊಡೆಯುವುದಿಲ್ಲ. ಪ್ರತಿ ಯಶಸ್ವಿ ಬ್ಯಾಟರ್ ಒಂದು ಬೇಸ್ ಮಾತ್ರ ಮುಂದೆ ಹೋಗುತ್ತಾನೆ, ಬೇಸ್ ಮೇಲಿದ್ದವರೂ ಒಂದೊಂದೇ ಬೇಸ್ ಸರಿಯುತ್ತಾರೆ. ಆಗ ಒಂದು ರನ್ ಬರಬೇಕಾದರೆ ಮೂವರು ಔಟಾಗುವ ಮೊದಲು ನಾಲ್ವರು ಬೇಸ್ ತಲುಪಬೇಕು. ಪ್ರತಿ ಬ್ಯಾಟರ್ ಬೇಸ್ ತಲುಪುವ ಸಂಭವ ಶೇ 33 ಇದ್ದರೆ ಒಂದು ಸರದಿಯಲ್ಲಿ ರನ್ ಬರುವ ಸಂಭವ ಸುಮಾರು ಶೇ 9.7. ಬೇಸ್ ತಲುಪುವ ಸಂಭವ ಶೇ 27ಕ್ಕೆ ಇಳಿಯಲಿ, ಅಂದರೆ ನೂರು ಬ್ಯಾಟರ್‌ಗಳಲ್ಲಿ ಕೇವಲ ಆರು ಮಂದಿ ಹೆಚ್ಚಾಗಿ ಔಟಾಗಲಿ. ಆಗ ರನ್ ಬರುವ ಸಂಭವ ಸುಮಾರು ಶೇ 4.9ಕ್ಕೆ, ಅರ್ಧಕ್ಕೆ, ಕುಸಿಯುತ್ತದೆ. ನಿಜವಾದ ಆಟದಲ್ಲಿ ಹೋಂ ರನ್ನುಗಳೂ ಎರಡು ಬೇಸ್‌ಗಳ ಹೊಡೆತಗಳೂ ಈ ಕುಸಿತವನ್ನು ಒಂದಿಷ್ಟು ತಗ್ಗಿಸುತ್ತವೆ, ಆದರೆ ಅದರ ಸ್ವರೂಪ ಬದಲಾಗುವುದಿಲ್ಲ. ಬ್ಯಾಟಿಂಗ್‌ನಲ್ಲಿ ಆದ ಸಣ್ಣ ಇಳಿಕೆ ಅಂಕಪಟ್ಟಿಯ ಮೇಲೆ ಬಹಳ ದೊಡ್ಡದಾಗಿ ಕಾಣುತ್ತದೆ. ಪ್ರೇಕ್ಷಕರ ಕಣ್ಣಿಗೆ ಬೀಳುವುದು ಅಂಕಪಟ್ಟಿಯೇ ಆದ್ದರಿಂದ ಆಟಗಾರರೆಲ್ಲ ಒಮ್ಮೆಲೇ ಆಟವನ್ನೇ ಮರೆತಂತೆ ಅವರಿಗೆ ಭಾಸವಾಗುತ್ತದೆ.

ಬೇಸ್‌ಬಾಲ್ ಇತಿಹಾಸದಲ್ಲಿ ಇದಕ್ಕಿಂತಲೂ ತೀವ್ರವಾದ ಬರಗಳು ಬಂದಿವೆ. 1906ರಲ್ಲಿ ಫಿಲಡೆಲ್ಫಿಯಾ ಅಥ್ಲೆಟಿಕ್ಸ್, 1968ರ ಜೂನ್‌ನಲ್ಲಿ ಶಿಕಾಗೋ ಕಬ್ಸ್ ಸತತ 48 ಸರದಿಗಳಲ್ಲಿ, ಅಂದರೆ ಐದು ಪಂದ್ಯಗಳಿಗೂ ಮಿಕ್ಕಿ, ಒಂದು ರನ್ ಕೂಡ ಗಳಿಸಿರಲಿಲ್ಲ. ಈ ಆಟದಲ್ಲಿ ಸಾಮಾನ್ಯವಾಗಿ ನಾಲ್ಕರಲ್ಲಿ ಸುಮಾರು ಮೂರು ಸರದಿಗಳು ರನ್ ಇಲ್ಲದೆಯೇ ಮುಗಿಯುತ್ತವೆ. ಅದೇ ಪ್ರಮಾಣವನ್ನು 48 ಬಾರಿ ಗುಣಿಸಿದರೆ ಇಂಥ ಸರಣಿಯ ಸಂಭವ ಹತ್ತು ಲಕ್ಷಕ್ಕೆ ಒಂದು ಎಂದು ಬರುತ್ತದೆ. ಆದರೆ ಇಂಥ ಸರಣಿ ಯಾವ ತಂಡಕ್ಕಾದರೂ, ಯಾವ ಋತುವಿನ ಯಾವ ವಾರದಲ್ಲಾದರೂ ಆರಂಭವಾಗಬಹುದು. ನೂರಕ್ಕೂ ಹೆಚ್ಚು ವರ್ಷಗಳಲ್ಲಿ ಆಡಿದ ಲಕ್ಷಾಂತರ ಸರದಿಗಳನ್ನು ನೆನೆದರೆ, ಎಲ್ಲೋ ಒಮ್ಮೆ ಹೀಗಾಗುವುದು ಅಚ್ಚರಿಯಲ್ಲ. ಜೊತೆಗೆ 1968, ಚೆಂಡೆಸೆಯುವ ಪಿಚರ್‌ಗಳು ಇಡೀ ಆಟವನ್ನೇ ಆಳಿದ ವರ್ಷ. ತಂಡಗಳು ಪಂದ್ಯವೊಂದಕ್ಕೆ ಸರಾಸರಿ ಮೂರೂವರೆ ರನ್ ಕೂಡ ಗಳಿಸಲಿಲ್ಲ. ಮರುವರ್ಷ ಪಿಚರ್ ನಿಲ್ಲುವ ದಿಬ್ಬದ ಎತ್ತರವನ್ನು 15 ಅಂಗುಲದಿಂದ 10ಕ್ಕೆ ಇಳಿಸಬೇಕಾಯಿತು.

ಒಬ್ಬೊಬ್ಬ ಬ್ಯಾಟರ್‌ನ ಮಟ್ಟದಲ್ಲೂ ಅದೃಷ್ಟದ ಪಾಲು ನಾವು ಎಣಿಸುವುದಕ್ಕಿಂತ ಹೆಚ್ಚು. ನಾಲ್ಕು ಅವಕಾಶಗಳಲ್ಲಿ ಒಂದು ಹೊಡೆತ ಗಳಿಸಬಲ್ಲ ಆಟಗಾರ ನಲವತ್ತು ಅವಕಾಶಗಳಲ್ಲಿ ಹತ್ತು ಹೊಡೆತ ಗಳಿಸಬೇಕು. ಅವನ ಸಾಮರ್ಥ್ಯ ಕಿಂಚಿತ್ತೂ ಕುಂದದೆ, ಕೇವಲ ಆಕಸ್ಮಿಕವಾಗಿ, ಅವನಿಗೆ ಐದು ಅಥವಾ ಅದಕ್ಕಿಂತ ಕಡಿಮೆ ಹೊಡೆತಗಳು ದಕ್ಕುವ ಸಂಭವ ಶೇ 4ಕ್ಕಿಂತ ಸ್ವಲ್ಪ ಹೆಚ್ಚು. ಇಂಥ ಒಂಬತ್ತು ಬ್ಯಾಟರ್‌ಗಳಿರುವ ತಂಡದಲ್ಲಿ ಯಾರಾದರೂ ಒಬ್ಬರಿಗೆ ಈ ಗತಿ ಬರುವ ಸಂಭವ ಸುಮಾರು ಮೂರರಲ್ಲಿ ಒಂದು. ಬ್ಯಾಟಿಗೆ ತಗುಲಿ ಮೈದಾನದೊಳಗೆ ಬಿದ್ದ ಚೆಂಡುಗಳಲ್ಲಿ ಹತ್ತಕ್ಕೆ ಸುಮಾರು ಮೂರು ಮಾತ್ರ ಫೀಲ್ಡರ್‌ಗಳ ಕೈ ತಪ್ಪಿಸುತ್ತವೆ. ಚೆನ್ನಾಗಿ ಹೊಡೆದ ಚೆಂಡು ನೇರವಾಗಿ ಫೀಲ್ಡರ್‌ನ ಕೈಗವಸಿಗೆ ಹೋಗುವುದೂ, ಬ್ಯಾಟಿನ ಅಂಚಿಗೆ ತಗುಲಿದ್ದು ಇಬ್ಬರ ನಡುವೆ ಬೀಳುವುದೂ ದಿನನಿತ್ಯದ ಸಂಗತಿ.

ಹಾಗೆಂದು ಎಲ್ಲವನ್ನೂ ಆಕಸ್ಮಿಕದ ಮೇಲೆ ಹೊರಿಸುವುದನ್ನು ನಾನು ಒಪ್ಪುವುದಿಲ್ಲ. ಅದೃಷ್ಟದಿಂದ ಆರಂಭವಾದ ಬರ ಆಟಗಾರನ ಮನಸ್ಸಿನೊಳಗೆ ಹೊಕ್ಕ ಮೇಲೆ ಬೇರೆಯದೇ ಸ್ವರೂಪ ಪಡೆಯುತ್ತದೆ. ಪಿಚರ್‌ನ ಕೈಬಿಟ್ಟ ವೇಗದ ಚೆಂಡು ಬ್ಯಾಟರ್‌ನನ್ನು ತಲುಪಲು ಸುಮಾರು 0.4 ಸೆಕೆಂಡು ಸಾಕು. ಅಷ್ಟರಲ್ಲಿ ಚೆಂಡಿನ ವೇಗ, ತಿರುವುಗಳನ್ನು ಗ್ರಹಿಸಿ ಬ್ಯಾಟ್ ಬೀಸಬೇಕು. ಯೋಚಿಸಿ ಮಾಡುವ ಕೆಲಸ ಇದಲ್ಲ. ವರ್ಷಗಟ್ಟಲೆ ಅಭ್ಯಾಸದಿಂದ ದೇಹ ತಾನಾಗಿ ಮಾಡುವ ಕೆಲಸ. ಸಂಶೋಧಕ ರಾಬ್ ಗ್ರೇ 2004ರಲ್ಲಿ ಪ್ರಕಟಿಸಿದ ಪ್ರಯೋಗಗಳಲ್ಲಿ ನುರಿತ ಬ್ಯಾಟರ್‌ಗಳನ್ನು ಕೃತಕ ಪಿಚಿಂಗ್ ವ್ಯವಸ್ಥೆಯೊಂದರ ಎದುರು ನಿಲ್ಲಿಸಿ, ಆಡುತ್ತಿರುವಾಗಲೇ ಅವರಿಗೆ ಸ್ವರವೊಂದನ್ನು ಕೇಳಿಸಿದರು. ಆ ಸ್ವರ ಎತ್ತರದ್ದೋ ತಗ್ಗಿನದೋ ಎಂದು ಹೇಳಬೇಕಾದಾಗ ಅವರ ಆಟಕ್ಕೆ ಹೆಚ್ಚು ತೊಂದರೆಯಾಗಲಿಲ್ಲ. ಸ್ವರ ಕೇಳಿಸಿದ ಕ್ಷಣದಲ್ಲಿ ತಮ್ಮ ಬ್ಯಾಟ್ ಮೇಲಕ್ಕೆ ಚಲಿಸುತ್ತಿತ್ತೋ ಕೆಳಕ್ಕೋ ಎಂದು ಹೇಳಬೇಕಾದಾಗ ಮಾತ್ರ ಆಟ ಕೆಟ್ಟಿತು. ಇನ್ನೂ ಮಹತ್ವದ ಸಂಗತಿ ಎಂದರೆ, ಫಾರ್ಮ್ ಕಳೆದುಕೊಂಡ ಹೊತ್ತಿನಲ್ಲಿ ಇದೇ ಬ್ಯಾಟರ್‌ಗಳು ಬ್ಯಾಟಿನ ಚಲನೆಯನ್ನು ಹೆಚ್ಚು ನಿಖರವಾಗಿ ಹೇಳಬಲ್ಲವರಾಗಿದ್ದರು. ಅಂದರೆ ಅವರ ಗಮನ ಬರುವ ಚೆಂಡನ್ನು ಬಿಟ್ಟು ತಮ್ಮದೇ ಕೈಗಳ ಕಡೆಗೆ ತಿರುಗಿತ್ತು. ಏಕೆ ಹೊಡೆತ ಬೀಳುತ್ತಿಲ್ಲ ಎಂದು ಆಟಗಾರ ಹುಡುಕತೊಡಗುತ್ತಾನೆ, ಆ ಹುಡುಕಾಟವೇ ಮುಂದಿನ ಹೊಡೆತಕ್ಕೆ ಅಡ್ಡಿಯಾಗುತ್ತದೆ.

ಓರಿಯೋಲ್ಸ್ ವಿಷಯದಲ್ಲಿ ಅದೃಷ್ಟ ಎಷ್ಟು, ದೌರ್ಬಲ್ಯ ಎಷ್ಟು? ಗಳಿಸಿದ ರನ್ನುಗಳ ವರ್ಗವನ್ನು, ಗಳಿಸಿದ ಮತ್ತು ಬಿಟ್ಟುಕೊಟ್ಟ ರನ್ನುಗಳ ವರ್ಗಗಳ ಮೊತ್ತದಿಂದ ಭಾಗಿಸಿದರೆ ತಂಡ ಗೆಲ್ಲಬೇಕಾದ ಪ್ರಮಾಣ ಸಿಗುತ್ತದೆ ಎಂಬುದು ಅಂಕಿಅಂಶ ತಜ್ಞ ಬಿಲ್ ಜೇಮ್ಸ್ ಕೊಟ್ಟ ಪ್ರಸಿದ್ಧ ಸೂತ್ರ. 44 ಮತ್ತು 129 ರನ್ನುಗಳಿಗೆ ಅದನ್ನು ಅನ್ವಯಿಸಿದರೆ ಶೇ 10ರಷ್ಟು ಗೆಲುವು, ಅಂದರೆ 21 ಪಂದ್ಯಗಳಲ್ಲಿ ಎರಡು ಗೆಲುವು ಬರಬೇಕಿತ್ತು. ತಂಡ ಅಷ್ಟು ಕೆಟ್ಟದಾಗಿ ಆಡಿತು, ಅದರ ಮೇಲೆ ಆ ಎರಡೂ ಕೈತಪ್ಪಿದವು. ಇನ್ನೊಂದು ದಿಕ್ಕಿನಿಂದ ನೋಡೋಣ. ಉಳಿದ 140 ಪಂದ್ಯಗಳಲ್ಲಿ ಅದು 54 ಗೆದ್ದು 86 ಸೋತಿತು. ಅದೇ ಅದರ ನಿಜವಾದ ಸಾಮರ್ಥ್ಯವೆಂದು ಹಿಡಿದರೆ ನಿರ್ದಿಷ್ಟ 21 ಪಂದ್ಯಗಳನ್ನು ಸತತವಾಗಿ ಸೋಲುವ ಸಂಭವ ಸುಮಾರು 28,000ಕ್ಕೆ ಒಂದು. ಇಷ್ಟು ಸಣ್ಣ ಸಂಖ್ಯೆಯನ್ನು ನೋಡಿದಾಗ, ಏಪ್ರಿಲ್‌ನಲ್ಲಿ ಆಡಿದ ತಂಡ ಮುಂದಿನ ತಿಂಗಳುಗಳ ತಂಡಕ್ಕಿಂತ ನಿಜಕ್ಕೂ ದುರ್ಬಲವಾಗಿತ್ತು ಎಂದೇ ನನಗನಿಸುತ್ತದೆ. 2024ರಲ್ಲಿ ಶಿಕಾಗೋ ವೈಟ್ ಸಾಕ್ಸ್ ಕೂಡ ಸತತ 21 ಪಂದ್ಯ ಸೋತಿತು. ಆದರೆ ಆ ವರ್ಷ 121 ಪಂದ್ಯಗಳನ್ನು ಕಳೆದುಕೊಂಡ ತಂಡಕ್ಕೆ ಅಂಥ ಸರಣಿ ಓರಿಯೋಲ್ಸ್‌ಗೆ ಬಂದಷ್ಟು ಅಪರೂಪದ್ದಲ್ಲ.

ಆಡಳಿತ ಇಷ್ಟೆಲ್ಲ ಲೆಕ್ಕಕ್ಕೆ ಕಾಯಲಿಲ್ಲ. ಮೊದಲ ಆರು ಸೋಲುಗಳಾದ ಕೂಡಲೇ ಆಟದ ತಂತ್ರ ನಿರ್ಧರಿಸುವ ಮ್ಯಾನೇಜರ್ ಕ್ಯಾಲ್ ರಿಪ್ಕೆನ್ ಸೀನಿಯರ್ ಅವರನ್ನು ಕೆಲಸದಿಂದ ತೆಗೆಯಿತು. ಅವರು ದಶಕಗಳ ಕಾಲ ಇದೇ ಸಂಸ್ಥೆಗಾಗಿ ದುಡಿದಿದ್ದರು. ಅವರ ಇಬ್ಬರು ಮಕ್ಕಳು, ಕ್ಯಾಲ್ ಜೂನಿಯರ್ ಮತ್ತು ಬಿಲ್ಲಿ, ಅದೇ ತಂಡದಲ್ಲಿ ಆಡುತ್ತಿದ್ದರು; ತಂದೆ ಹೋದ ಮೇಲೆ ಬಿಲ್ಲಿ ತಂದೆಯ 7ನೇ ಸಂಖ್ಯೆಯ ಅಂಗಿಯನ್ನು ತೊಟ್ಟರು. 162 ಪಂದ್ಯಗಳ ಋತುವಿನಲ್ಲಿ ಆರು ಪಂದ್ಯಗಳಿಂದ ಮ್ಯಾನೇಜರ್‌ನ ಯೋಗ್ಯತೆಯನ್ನು ಅಳೆಯಲು ಸಾಧ್ಯವಿಲ್ಲ. ಆ ನಿರ್ಧಾರ ಅನ್ಯಾಯದ್ದಾಗಿತ್ತು ಎಂಬುದರಲ್ಲಿ ನನಗೆ ಸಂಶಯವಿಲ್ಲ. ಅವರ ಜಾಗಕ್ಕೆ ಬಂದ ಫ್ರಾಂಕ್ ರಾಬಿನ್ಸನ್ ಈ ತಂಡದ ಹಳೆಯ ನಾಯಕಮಣಿ. ಅವರ ಕೈಕೆಳಗೆ ತಂಡ ಮೊದಲ 15 ಪಂದ್ಯಗಳನ್ನೂ ಸೋತಿತು. ಬಹಳ ಕೆಟ್ಟ ಫಲಿತಾಂಶಗಳ ನಂತರ ಬರುವ ಫಲಿತಾಂಶಗಳು, ಯಾರು ಏನು ಮಾಡಿದರೂ ಮಾಡದಿದ್ದರೂ, ಸಾಮಾನ್ಯವಾಗಿ ಸರಾಸರಿಗೆ ಹತ್ತಿರವಾಗುತ್ತವೆ. ಹತ್ತೊಂಬತ್ತನೆಯ ಶತಮಾನದಲ್ಲೇ ಫ್ರಾನ್ಸಿಸ್ ಗಾಲ್ಟನ್ ಗುರುತಿಸಿದ ಈ ನಿಯಮದಿಂದಾಗಿ, ಮ್ಯಾನೇಜರ್‌ನನ್ನು ಬದಲಿಸಿದ ಮರುವಾರ ತಂಡ ಗೆದ್ದರೆ ಬದಲಾವಣೆಗೇ ಆ ಕೀರ್ತಿ ಸಲ್ಲುತ್ತದೆ. ಬಾಲ್ಟಿಮೋರ್‌ನಲ್ಲಿ ಬರ ಮುಂದುವರಿದದ್ದರಿಂದ ಆ ಭ್ರಮೆಗೆ ಅವಕಾಶವೇ ಸಿಗಲಿಲ್ಲ.

ಇನ್ನು ಅಭಿಮಾನಿಗಳು. ಫಲಿತಾಂಶದ ಮೇಲೆ ಹಿಡಿತವೇ ಇಲ್ಲದವರು ಏನಾದರೊಂದು ಮಾಡಲೇಬೇಕು ಎಂದು ಹಾತೊರೆಯುತ್ತಾರೆ. 1948ರಲ್ಲಿ ಮನೋವಿಜ್ಞಾನಿ ಬಿ. ಎಫ್. ಸ್ಕಿನ್ನರ್ ಪಾರಿವಾಳಗಳಿಗೆ ನಿಗದಿತ ಅಂತರದಲ್ಲಿ, ಅವು ಏನು ಮಾಡುತ್ತಿದ್ದರೂ ಲೆಕ್ಕಿಸದೆ, ಕಾಳು ಸಿಗುವಂತೆ ಮಾಡಿದರು. ಕಾಳು ಬಂದ ಹೊತ್ತಿನಲ್ಲಿ ತಾವು ಮಾಡುತ್ತಿದ್ದ ಚಲನೆಯನ್ನೇ ಹಕ್ಕಿಗಳು ಮತ್ತೆ ಮತ್ತೆ ಮಾಡತೊಡಗಿದವು. ಗೆದ್ದ ದಿನದ ಅಂಗಿ, ಕುಳಿತ ಕುರ್ಚಿ, ತಿಂದ ತಿಂಡಿ ಇವುಗಳ ಮೇಲೆ ಕ್ರೀಡಾಭಿಮಾನಿಗಳು ಇಡುವ ನಂಬಿಕೆಯ ಬೇರೂ ಇಲ್ಲಿಯೇ ಇದೆ. ಬಾಲ್ಟಿಮೋರಿನ ರೇಡಿಯೋ ನಿರೂಪಕ ಬಾಬ್ ರಿವರ್ಸ್ ತಂಡ ಗೆಲ್ಲುವವರೆಗೆ ಪ್ರಸಾರ ನಿಲ್ಲಿಸುವುದಿಲ್ಲವೆಂದು ಪಣತೊಟ್ಟರು; ಒಂದೆರಡು ದಿನದಲ್ಲಿ ಮುಗಿಯಬಹುದಾಗಿದ್ದ ಆ ವ್ರತ 258 ಗಂಟೆಗಳವರೆಗೆ ಎಳೆಯಿತು. ಅವರಿಗೆ ಕಿವಿಗೊಡುತ್ತಿದ್ದ ಊರಿನ ಜನರಿಗೆ, ಈ ಸಂಕಟವನ್ನು ತಾವು ಒಂಟಿಯಾಗಿ ಅನುಭವಿಸುತ್ತಿಲ್ಲ ಎಂಬ ಭರವಸೆ ಸಿಕ್ಕಿತು. ಅಧ್ಯಕ್ಷ ರೊನಾಲ್ಡ್ ರೇಗನ್ ಕೂಡ ರಾಬಿನ್ಸನ್ ಅವರಿಗೆ ದೂರವಾಣಿ ಕರೆ ಮಾಡಿದರು.

ಸೋತ ತಂಡವನ್ನು ಜನ ದೂರವಿಡುತ್ತಾರೆ ಎಂಬುದು ಸಾಮಾನ್ಯ ನಿರೀಕ್ಷೆ. ಮನೋವಿಜ್ಞಾನಿ ರಾಬರ್ಟ್ ಚಾಲ್ಡಿನಿ ಮತ್ತು ಸಂಗಡಿಗರು 1976ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ವಿಶ್ವವಿದ್ಯಾಲಯದ ಫುಟ್‌ಬಾಲ್ ತಂಡ ಗೆದ್ದ ಮರುದಿನಗಳಲ್ಲಿ ಅದರ ಲಾಂಛನವಿರುವ ಉಡುಪು ತೊಟ್ಟ ವಿದ್ಯಾರ್ಥಿಗಳು ಹೆಚ್ಚು ಕಾಣುತ್ತಿದ್ದರು. ಗೆಲುವಿನ ಬಗ್ಗೆ ಮಾತಾಡುವಾಗ ‘ನಾವು’ ಎನ್ನುತ್ತಿದ್ದವರು ಸೋಲಿನ ಬಗ್ಗೆ ಮಾತಾಡುವಾಗ ‘ಅವರು’ ಎನ್ನುವುದೂ ಕಂಡುಬಂತು. ಸೋಲು ದೇಹವನ್ನೂ ತಟ್ಟುತ್ತದೆ. 1994ರ ವಿಶ್ವಕಪ್ ಫುಟ್‌ಬಾಲ್ ಫೈನಲ್ ನೋಡಿದ ಬ್ರೆಜಿಲ್ ಮತ್ತು ಇಟಲಿ ಅಭಿಮಾನಿಗಳ ಎಂಜಲನ್ನು ಪರೀಕ್ಷಿಸಿದಾಗ ಗೆದ್ದವರ ಪಾಳೆಯದಲ್ಲಿ ಟೆಸ್ಟೋಸ್ಟೆರಾನ್ ಏರಿತ್ತು, ಸೋತವರ ಪಾಳೆಯದಲ್ಲಿ ಇಳಿದಿತ್ತು. ದೇಹಕ್ಕೇ ತಟ್ಟುವ ನೋವಿನಿಂದ ದೂರ ಸರಿಯುವುದು ಸಹಜವೇ.

ಆದರೆ ಮೇ 2ರ ರಾತ್ರಿ, ಒಂದು ಗೆಲುವು ಮತ್ತು 23 ಸೋಲುಗಳೊಡನೆ ಊರಿಗೆ ಮರಳಿದ ತಂಡವನ್ನು ನೋಡಲು ಮೆಮೋರಿಯಲ್ ಕ್ರೀಡಾಂಗಣಕ್ಕೆ 50,402 ಮಂದಿ ಬಂದರು. ಇದರ ಹಿಂದೆ ಊರಿನ ಒಂದು ಗಾಯವಿದೆ. ಕೋಲ್ಟ್ಸ್ ಎಂಬ ಅವರ ಅಮೆರಿಕನ್ ಫುಟ್‌ಬಾಲ್ ತಂಡವನ್ನು ಅದರ ಮಾಲೀಕರು 1984ರ ಮಾರ್ಚ್‌ನಲ್ಲಿ ರಾತ್ರೋರಾತ್ರಿ ಲಾರಿಗಳಲ್ಲಿ ಸಾಮಾನು ತುಂಬಿಸಿ ಇಂಡಿಯಾನಾಪೊಲಿಸ್‌ಗೆ ಸಾಗಿಸಿದ್ದರು. ಉಳಿದ ಒಂದು ದೊಡ್ಡ ತಂಡವೂ ಹಾಗೆಯೇ ಹೋದೀತೆಂಬ ಭಯ ಜನರಲ್ಲಿತ್ತು. ಅಂಥವರಿಗೆ 21 ಸೋಲುಗಳು ತಂಡವನ್ನು ಬಿಡಲು ಕಾರಣವಾಗಲಿಲ್ಲ. ಬ್ರಿಟನ್ನಿನ ಫುಟ್‌ಬಾಲ್ ಅಭಿಮಾನಿಗಳ ಬಗ್ಗೆ ಮಾರ್ಥಾ ನ್ಯೂಸನ್, ಹಾರ್ವೆ ವೈಟ್‌ಹೌಸ್ ಮುಂತಾದವರು 2021ರಲ್ಲಿ ಪ್ರಕಟಿಸಿದ ಸಂಶೋಧನೆಯೂ ಇದಕ್ಕೆ ಹೊಂದುತ್ತದೆ: ಹೆಚ್ಚು ಸೋಲುವ ಕ್ಲಬ್‌ಗಳ ಅಭಿಮಾನಿಗಳಲ್ಲಿ ಪರಸ್ಪರ ಬಂಧ ಗೆಲ್ಲುವ ಕ್ಲಬ್‌ಗಳವರಿಗಿಂತ ಗಟ್ಟಿಯಾಗಿತ್ತು. ಚಾಲ್ಡಿನಿಯವರ ವಿದ್ಯಾರ್ಥಿಗಳಿಗೆ ತಂಡ ಒಂದು ಅಲಂಕಾರವಾಗಿದ್ದಿರಬಹುದು. ಬಾಲ್ಟಿಮೋರಿನ ಜನರಿಗೆ ಅದು ಊರಿನ ಗುರುತಾಗಿತ್ತು.

ಆ ರಾತ್ರಿ ಓರಿಯೋಲ್ಸ್ ಟೆಕ್ಸಾಸ್ ರೇಂಜರ್ಸ್ ತಂಡವನ್ನು ಸೋಲಿಸಿತು. ಹೊಸ ಕ್ರೀಡಾಂಗಣಕ್ಕಾಗಿ ತಂಡವೂ ರಾಜ್ಯವೂ ಒಪ್ಪಂದಕ್ಕೆ ಬಂದಿವೆ ಎಂಬ ಸುದ್ದಿಯೂ ಅಂದೇ ಜನರಿಗೆ ತಿಳಿಯಿತು. ಕ್ಯಾಮ್ಡೆನ್ ಯಾರ್ಡ್ಸ್‌ನಲ್ಲಿ ಆ ಕ್ರೀಡಾಂಗಣ 1992ರಲ್ಲಿ ತೆರೆಯಿತು. 1988ರ ಋತುವನ್ನು ತಂಡ 107 ಸೋಲುಗಳೊಂದಿಗೆ ಮುಗಿಸಿತು. ಮರುವರ್ಷ ಅದೇ ರಾಬಿನ್ಸನ್ ಅವರ ಕೈಕೆಳಗೆ, ಹೆಚ್ಚಾಗಿ ಯುವಕರೇ ತುಂಬಿದ್ದ ಓರಿಯೋಲ್ಸ್ 87 ಪಂದ್ಯಗಳನ್ನು ಗೆದ್ದು, ತನ್ನ ವಿಭಾಗದ ಅಗ್ರಸ್ಥಾನವನ್ನು ಟೊರಾಂಟೊ ತಂಡಕ್ಕೆ ಕೇವಲ ಎರಡು ಪಂದ್ಯಗಳ ಅಂತರದಲ್ಲಿ ಬಿಟ್ಟುಕೊಟ್ಟಿತು; ಆ ಋತುವಿನಲ್ಲಿ ಬಾಲ್ಟಿಮೋರಿನ ಪಂದ್ಯಗಳಿಗೆ ಬಂದ ಪ್ರೇಕ್ಷಕರ ಒಟ್ಟು ಸಂಖ್ಯೆ 25 ಲಕ್ಷ ದಾಟಿತು.